ಅಪ್ಪ ನೆಟ್ಟ ಆಲದ ಮರ

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎಂಬ ಗಾದೆ ಕನ್ನಡ ನಾಡಿನಲ್ಲಿ ಮನೆಮಾತಾಗಿದೆ. ಇದನ್ನು ಕಟ್ಟಿದವರು ವಿದೇಶೀ ವಿದ್ಯೆ ಕಲಿತವರಲ್ಲ. ಹಿರಿಯರನ್ನು ಹಳಿಯುವುದೇ ವಿಚಾರವಂತಿಕೆಯೆಂದು ತಿಳಿದವರೂ ಅಲ್ಲ. ಹೊಲ ಉತ್ತು, ದನ ಕಾಯ್ದು, ಹಬ್ಬಹರಿದಿನಗಳನ್ನು ತಪ್ಪದೆ ಆಚರಿಸಿದ ಸಾಮಾನ್ಯ ಜನರೇ ಈ ಮಾತನ್ನು ಆಡಿದರು. ಹಿರಿಯರಲ್ಲಿ ಗೌರವವಿಡುವುದು ಬೇರೆ, ಅವರು ನಡೆದ ದಾರಿಯನ್ನೆಲ್ಲ ಕಣ್ಣು ಮುಚ್ಚಿ ತುಳಿಯುವುದು ಬೇರೆ ಎಂಬ ವಿವೇಕ ಅವರಿಗಿತ್ತು. ಅದೇ ಜನ ಮತ್ತೊಂದು ಮಾತನ್ನೂ ಹೇಳಿದರು: ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಮೊದಲನೆಯದು ಎಚ್ಚರಿಕೆ, ಎರಡನೆಯದು ವಸ್ತುಸ್ಥಿತಿ. ಮಕ್ಕಳು ಹೆತ್ತವರಂತೆ ಆಗುವುದೇ ಲೋಕದ ರೂಢಿಯಾದುದರಿಂದಲೇ ಆ ಎಚ್ಚರಿಕೆ ಬೇಕಾಯಿತು.

ತಂದೆಯ ಆಸ್ತಿ ಮಕ್ಕಳಿಗೆ ಬರುವಾಗ ಕಾಗದಪತ್ರಗಳಿರುತ್ತವೆ, ಸಾಕ್ಷಿಗಳಿರುತ್ತಾರೆ. ಬೇಡವೆನಿಸಿದರೆ ಹಕ್ಕು ಬಿಟ್ಟುಕೊಡುವ ಅವಕಾಶವೂ ಇರುತ್ತದೆ. ನಂಬಿಕೆಗಳ ಆಸ್ತಿ ಹಾಗೆ ಬರುವುದಿಲ್ಲ. ಅದು ಹೆತ್ತವರು ಬದುಕಿರುವಾಗಲೇ, ಮಗು ಅಕ್ಷರ ಕಲಿಯುವ ಮೊದಲೇ, ಸಹಿಯಿಲ್ಲದೆ ಸಾಕ್ಷಿಯಿಲ್ಲದೆ ಕೈ ಬದಲಾಯಿಸಿಬಿಡುತ್ತದೆ. ಪಡೆದವನಿಗೆ ತಾನು ಪಡೆದೆನೆಂಬುದೂ ತಿಳಿಯದು. ಕೊಟ್ಟವನಿಗೆ ತಾನು ಕೊಟ್ಟೆನೆಂಬುದೂ ತಿಳಿಯದು. ಆಸ್ತಿಯೊಡನೆ ಸಾಲವೂ ಸೇರಿ ಬರುವಂತೆ, ಇಲ್ಲಿಯೂ ಒಳ್ಳೆಯದರೊಡನೆ ಕೆಟ್ಟದ್ದು ಸೇರಿಕೊಂಡಿರುತ್ತದೆ. ಆ ಸಾಲವನ್ನು ಕೆಲವೊಮ್ಮೆ ಮಗು ತನ್ನ ಆರೋಗ್ಯದಿಂದಲೇ ತೀರಿಸಬೇಕಾಗುತ್ತದೆ.

ಮಗು ಕಲಿಯುವ ಬಗೆ

ಶ್ರಾದ್ಧದ ದಿನ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಡುವ ಕಥೆ ಹಿರಿಯರಿಗೆಲ್ಲ ಗೊತ್ತಿರುವುದೇ. ಅಜ್ಜನ ಕಾಲದಲ್ಲಿ ಹಾಲಿಗೆ ಬಾಯಿ ಹಾಕುತ್ತಿದ್ದ ಬೆಕ್ಕೊಂದಿತ್ತು. ಅಂದು ಅದನ್ನು ಮುಚ್ಚಿಡುವುದು ಅಗತ್ಯವಾಗಿತ್ತು. ಮೊಮ್ಮಗನ ಕಾಲಕ್ಕೆ ಮನೆಯಲ್ಲಿ ಬೆಕ್ಕೇ ಇಲ್ಲ. ಆದರೂ ಶ್ರಾದ್ಧ ಕೆಡಬಾರದೆಂದು ನೆರೆಮನೆಯಿಂದ ಬೆಕ್ಕನ್ನು ತಂದು ಮುಚ್ಚಿದರಂತೆ. ಕೇಳಿದವರು ನಗುತ್ತಾರೆ. ಆದರೆ ಮೊಮ್ಮಗನನ್ನು ದಡ್ಡನೆಂದು ಕರೆಯುವ ಮುನ್ನ ಮನುಷ್ಯನ ಮಗು ಕಲಿಯುವ ಬಗೆಯನ್ನು ಸ್ವಲ್ಪ ಗಮನಿಸಬೇಕು.

2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬ ಸಂಶೋಧಕರು ಒಂದು ಸ್ವಾರಸ್ಯಕರ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಪೆಟ್ಟಿಗೆಯೊಂದರಲ್ಲಿ ಬಹುಮಾನವನ್ನಿಟ್ಟು, ಅದನ್ನು ಹೊರತೆಗೆಯುವ ವಿಧಾನವನ್ನು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಲಾಯಿತು. ತೋರಿಸುವಾಗ ಅಗತ್ಯವಾದ ಕ್ರಿಯೆಗಳೊಡನೆ, ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಡ್ಡಿಯಿಂದ ಚುಚ್ಚುವಂತಹ ನಿಷ್ಪ್ರಯೋಜಕ ಕ್ರಿಯೆಯನ್ನೂ ಬೇಕೆಂದೇ ಸೇರಿಸಿದ್ದರು. ಪೆಟ್ಟಿಗೆ ಪಾರದರ್ಶಕವಾಗಿದ್ದು, ಚುಚ್ಚುವುದರಿಂದ ಏನೂ ಆಗುವುದಿಲ್ಲವೆಂಬುದು ಕಣ್ಣಿಗೇ ಕಾಣುವಂತಿದ್ದಾಗ ಚಿಂಪಾಂಜಿಗಳು ಆ ವ್ಯರ್ಥ ಕೆಲಸವನ್ನು ಬಿಟ್ಟು ನೇರವಾಗಿ ಬಹುಮಾನಕ್ಕೆ ಕೈ ಹಾಕಿದವು. ಮಕ್ಕಳು ಮಾತ್ರ ದೊಡ್ಡವರು ಮಾಡಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು.

ಇದರಿಂದ ಮಕ್ಕಳು ಚಿಂಪಾಂಜಿಗಳಿಗಿಂತ ದಡ್ಡರೆಂದು ತಿಳಿಯಬೇಕಾಗಿಲ್ಲ. ನಿಜಸ್ಥಿತಿ ಇದಕ್ಕೆ ವಿರುದ್ಧವಾದುದು. ಭಾಷೆ, ಅಡುಗೆ, ನೇಯ್ಗೆ, ಸಂಗೀತ ಇವುಗಳನ್ನು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟಿಸುವ ಶಕ್ತಿ ಮನುಷ್ಯನಿಗೆ ಬಂದಿರುವುದೇ ಈ ಶ್ರದ್ಧಾಪೂರ್ವಕ ಅನುಕರಣೆಯಿಂದ. ದೋಸೆಯ ಹಿಟ್ಟು ಏಕೆ ಹುಳಿಯಬೇಕೆಂದು ತಿಳಿಯದೆಯೇ ಮಗಳು ತಾಯಿಯಿಂದ ದೋಸೆ ಹುಯ್ಯಲು ಕಲಿಯುತ್ತಾಳೆ. ಪ್ರತಿಯೊಂದಕ್ಕೂ ಕಾರಣ ಕೇಳಿ ಒಪ್ಪಿದ ಮೇಲೆಯೇ ಕಲಿಯುವೆನೆಂದು ಮಗು ಹಟ ಹಿಡಿದರೆ ಅದು ಕಲಿಯುವುದು ಅತ್ಯಲ್ಪವಾದೀತು. ಹಿರಿಯರಲ್ಲಿ ನಂಬಿಕೆಯಿಡುವುದು ಮಗುವಿನ ಗುಣವೇ ಹೊರತು ದೋಷವಲ್ಲ.

ಆದರೆ ಈ ಗುಣವೇ ಹಿರಿಯರ ಮೇಲೆ ಒಂದು ದೊಡ್ಡ ಹೊಣೆಯನ್ನು ಹೊರಿಸುತ್ತದೆ. ಹಾಲನ್ನೂ ನೀರನ್ನೂ ಬೇರ್ಪಡಿಸುವ ಶಕ್ತಿ ಮಗುವಿಗೆ ಇನ್ನೂ ಬಂದಿಲ್ಲವಾದ್ದರಿಂದ, ಬೇರ್ಪಡಿಸಿ ಕೊಡುವ ಕೆಲಸ ಕೊಡುವವರದೇ ಆಗುತ್ತದೆ.

ಅಡುಗೆಮನೆಯ ಪಾಠಗಳು

ನಂಬಿಕೆಗಳು ಉಪದೇಶದಿಂದ ಬರುತ್ತವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಅವು ಬಹುಮಟ್ಟಿಗೆ ನಡತೆಯಿಂದ ಬರುತ್ತವೆ. ಎಲ್ಲರೂ ಸಮಾನರೆಂದು ತಂದೆ ಮಗನಿಗೆ ಪಾಠ ಹೇಳಿಕೊಡುತ್ತಿರುತ್ತಾನೆ. ಅದೇ ಹೊತ್ತಿಗೆ ಮನೆಗೆಲಸದವಳಿಗೆ ಚಹ ಕೊಡಲು ಕಿಟಕಿಯ ಮೂಲೆಯಲ್ಲಿ ಬೇರೆಯಾಗಿಟ್ಟ ಲೋಟ ಹೊರಬರುತ್ತದೆ. ಆ ಲೋಟದ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತನ್ನೂ ಆಡಿರುವುದಿಲ್ಲ. ಆದರೂ ಐದು ವರ್ಷದ ಮಗು ತಾನು ನೀರು ಕುಡಿಯುವಾಗ ಆ ಲೋಟವನ್ನು ಮುಟ್ಟುವುದಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ 1950ರಲ್ಲಿಯೇ ರದ್ದುಪಡಿಸಿತು. ಮಗು ಸಂವಿಧಾನವನ್ನು ಓದುವುದು ಶಾಲೆಯಲ್ಲಿ, ಲೋಟವನ್ನು ಓದಿರುವುದು ಅದಕ್ಕೂ ಹತ್ತು ವರ್ಷ ಮೊದಲು. ಎರಡರಲ್ಲಿ ಯಾವ ಪಾಠ ಗಟ್ಟಿಯಾಗಿ ನಿಲ್ಲುವುದೆಂದು ಹೇಳಬೇಕಾಗಿಲ್ಲ.

ಊಟದ ಪಂಕ್ತಿಯೂ ಇಂತಹುದೇ ಒಂದು ಪಾಠಶಾಲೆ. ಗಂಡಸರು, ಮಕ್ಕಳು, ಅತಿಥಿಗಳು ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು ಗೃಹಿಣಿಯ ಧರ್ಮವೆಂಬ ಭಾವನೆ ಇಂದಿಗೂ ಅನೇಕ ಸುಶಿಕ್ಷಿತ ಕುಟುಂಬಗಳಲ್ಲಿ ಉಳಿದಿದೆ. ಪಲ್ಯ ಮುಗಿದಿದ್ದರೆ ಆಕೆ ಉಪ್ಪಿನಕಾಯಿಯೊಡನೆ ಮಜ್ಜಿಗೆ ಅನ್ನ ಉಂಡು ಏಳುತ್ತಾಳೆ. ಇದು ತ್ಯಾಗವೆಂದು ಹೊಗಳಿಸಿಕೊಳ್ಳುತ್ತದೆ. ಹೊಗಳಿಕೆಯನ್ನು ಕೇಳುತ್ತ ಬೆಳೆದ ಮಗಳು, ಹಸಿವನ್ನು ಅಡಗಿಸಿಕೊಳ್ಳುವುದೇ ಹೆಣ್ಣಿನ ಹಿರಿಮೆಯೆಂದು ತಿಳಿಯುತ್ತಾಳೆ. ಮಗ, ತನ್ನ ತಟ್ಟೆ ತುಂಬುವುದು ಲೋಕನಿಯಮವೆಂದು ತಿಳಿಯುತ್ತಾನೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಪುರುಷರಲ್ಲಿ ಈ ಪ್ರಮಾಣ ಶೇಕಡ 25. 15ರಿಂದ 19 ವರ್ಷದ ಹುಡುಗಿಯರಲ್ಲಂತೂ ಶೇಕಡ 59. ಇದಕ್ಕೆಲ್ಲ ಊಟದ ಪಂಕ್ತಿಯೊಂದೇ ಕಾರಣವೆನ್ನುವಂತಿಲ್ಲ. ಮುಟ್ಟಿನ ರಕ್ತಸ್ರಾವ, ಹೆರಿಗೆ, ಕೊಕ್ಕೆಹುಳುವಿನ ಬಾಧೆ, ಕಬ್ಬಿಣಾಂಶ ಕಡಮೆಯಾದ ಆಹಾರ ಎಲ್ಲವೂ ಸೇರಿವೆ. ಆದರೆ ಹೆಚ್ಚು ಕಬ್ಬಿಣಾಂಶ ಬೇಕಾದ ದೇಹಕ್ಕೆ ಕಡಮೆ ಬಡಿಸುವ ಪದ್ಧತಿ ಆ ಕಾರಣಗಳ ಜೊತೆ ಕೈಗೂಡಿಸುತ್ತದೆ. ಸೊಪ್ಪು, ಬೇಳೆ, ರಾಗಿ, ಬೆಲ್ಲ, ಮೊಟ್ಟೆ, ಮೀನು ಏನನ್ನು ಉಣ್ಣಬೇಕೆಂಬ ಉಪದೇಶವನ್ನು ವೈದ್ಯರು ಕೊಟ್ಟಾರು. ಯಾರು ಮೊದಲು ಉಣ್ಣಬೇಕೆಂಬುದನ್ನು ಮನೆಯೇ ತೀರ್ಮಾನಿಸಬೇಕು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದಕ್ಕೆ ಯಾವ ಖರ್ಚೂ ಇಲ್ಲ.

ತೊಟ್ಟಿಲಿನ ಸುತ್ತ

ನಂಬಿಕೆಗಳು ಅತ್ಯಂತ ದಟ್ಟವಾಗಿ ಸುತ್ತುವರಿಯುವುದು ಬಾಣಂತಿಯ ಕೋಣೆಯನ್ನು. ಅಲ್ಲಿಯ ಸಂಪ್ರದಾಯಗಳಲ್ಲಿ ಹಲವು ಮೆಚ್ಚತಕ್ಕವು. ಹೆತ್ತವಳಿಗೆ ತವರಿನಲ್ಲಿ ವಿಶ್ರಾಂತಿ, ಹತ್ತು ದಿನ ಹೊರಗಿನವರು ಕೂಸನ್ನು ಮುಟ್ಟದಂತೆ ಕಟ್ಟುಪಾಡು, ಒಳಗೆ ಬರುವವರು ಕೈಕಾಲು ತೊಳೆಯಬೇಕೆಂಬ ನಿಯಮ, ಎದೆಹಾಲನ್ನು ದೀರ್ಘಕಾಲ ಉಣಿಸುವ ರೂಢಿ ಇವುಗಳನ್ನು ಇಂದಿನ ವೈದ್ಯಶಾಸ್ತ್ರವೂ ಆಕ್ಷೇಪಿಸುವುದಿಲ್ಲ. ಇದೇ ಕೋಣೆಯಲ್ಲಿ, ಇದೇ ಅಜ್ಜಿಯ ಅದೇ ಪ್ರೀತಿಯಿಂದ, ಮೂರು ತಪ್ಪುಗಳೂ ನಡೆದುಬಂದಿವೆ.

ಮೊದಲನೆಯದು, ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ದಪ್ಪ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವುದು. ಹಸು ಕರು ಹಾಕಿದಾಗ ಬರುವ ಗಿಣ್ಣುಹಾಲನ್ನು ಕನ್ನಡಿಗರು ಎಷ್ಟು ಆಸೆಯಿಂದ ಕಾಯುತ್ತಾರೆ! ಬೆಲ್ಲ ಏಲಕ್ಕಿ ಬೆರೆಸಿ ಗಿಣ್ಣು ಮಾಡಿ ನೆರೆಹೊರೆಗೂ ಹಂಚುತ್ತಾರೆ. ಮುಂಬಯಿಯಲ್ಲಿ ಅದೇ ಖರ್ವಸವನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಹಸುವಿನ ಗಿಣ್ಣು ಅಮೃತವಾದರೆ ತಾಯಿಯ ಗಿಣ್ಣು ವಿಷವಾದುದು ಹೇಗೆ? ಈ ಪ್ರಶ್ನೆಯನ್ನು ತಲೆಮಾರುಗಳಿಂದ ಯಾರೂ ಕೇಳಲಿಲ್ಲ. ರೋಗನಿರೋಧಕ ವಸ್ತುಗಳೂ ಎ ಜೀವಸತ್ವವೂ ತುಂಬಿರುವ ಈ ಹಾಲು ಕೂಸಿಗೆ ದೊರೆಯುವ ಮೊದಲ ರಕ್ಷೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹಾಗೆ ಹಾಲು ಪಡೆದ ಮಕ್ಕಳು ಶೇಕಡ 42ರಷ್ಟು ಮಾತ್ರ. ಶಸ್ತ್ರಚಿಕಿತ್ಸೆಯ ಹೆರಿಗೆ, ಆಸ್ಪತ್ರೆಗಳ ಅನಾಸಕ್ತಿ, ಜೇನುತುಪ್ಪ ನೆಕ್ಕಿಸುವ ಪದ್ಧತಿ ಹೀಗೆ ಕಾರಣಗಳು ಹಲವು. ಹಳೆಯ ಶಂಕೆಯೂ ಅವುಗಳಲ್ಲೊಂದು.

ಎರಡನೆಯದು, ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ನೀರು ಕೊಡುವುದು. ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚಾಗುವುದು ಸಹಜ; ಆ ಬಾಯಾರಿಕೆಯನ್ನು ತಡೆಯುವುದರಿಂದ ಆಕೆಗೂ ಹಿತವಿಲ್ಲ, ಕೂಸಿಗೂ ಹಿತವಿಲ್ಲ.

ಮೂರನೆಯದು, ಮಗುವಿಗೆ ಭೇದಿಯಾದಾಗ ನೀರನ್ನೂ ಆಹಾರವನ್ನೂ ನಿಲ್ಲಿಸುವುದು. ಸೋರುವ ಕೊಡಕ್ಕೆ ನೀರು ಹುಯ್ದಷ್ಟೂ ಸೋರುತ್ತದೆಂಬುದು ಮೇಲುನೋಟಕ್ಕೆ ತರ್ಕಬದ್ಧವಾದ ಮಾತೇ. ಆದರೆ ಭೇದಿಯಿಂದ ಸಾಯುವ ಮಗು ಸಾಮಾನ್ಯವಾಗಿ ಸಾಯುವುದು ಭೇದಿಯಿಂದಲ್ಲ, ದೇಹದ ನೀರೂ ಲವಣವೂ ಬತ್ತಿಹೋಗುವುದರಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯ ಮೂಲಕ ಕೊಡುವ ಲವಣದ್ರಾವಣ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ ಉಪ್ಪುಗಳ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಯ ಮೂಲಕವೇ ಕುಡಿಸಿದರು. ಶೇಕಡ 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ಹೆಚ್ಚಿನವರು ರೋಗಿಗಳ ತಾಯಂದಿರು, ಬಂಧುಗಳು. ಔಷಧದಂಗಡಿಯ ಪೊಟ್ಟಣ ಕೈಗೆ ಸಿಗುವವರೆಗೆ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕೊಡಬಹುದು. ಎದೆಹಾಲನ್ನಾಗಲೀ ಗಂಜಿಯನ್ನಾಗಲೀ ನಿಲ್ಲಿಸಬಾರದು. ಮಗು ನೀರು ಕುಡಿಯಲಾರದಷ್ಟು ಬಳಲಿದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಅಮ್ಮನ ಭಯ, ಗ್ರಹಣದ ಭಯ

ಸಿಡುಬನ್ನು ಅಮ್ಮನೆಂದು ಕರೆದ ಹಿರಿಯರನ್ನು ನಿಂದಿಸುವುದು ಸುಲಭ. ಹತ್ತು ರೋಗಿಗಳಲ್ಲಿ ಮೂವರನ್ನು ಕೊಂಡೊಯ್ಯುತ್ತಿದ್ದ, ಔಷಧವೇ ಇಲ್ಲದಿದ್ದ ರೋಗದ ಮುಂದೆ ಮನುಷ್ಯ ಕೈಮುಗಿದು ನಿಂತದ್ದು ಅಸಹಜವೇನಲ್ಲ. ರೋಗಿಯನ್ನು ಬೇರೆಯಿರಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರು ಒಳಬರದಂತೆ ಸೂಚಿಸಿದ್ದು ಪ್ರಯೋಜನಕರವೂ ಆಗಿತ್ತು. ಆದರೆ ದಾರಿ ತೋರಿದಾಗ ಆ ಹಿರಿಯರಲ್ಲೇ ಅನೇಕರು ದಾರಿ ಬದಲಿಸಿದರು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಭಾರತದ ಮೊದಲ ದಾಕು ಹಾಕಲಾಯಿತು. ಸುಮಾರು 1805ರ ಹೊತ್ತಿಗೆ ರಚಿತವಾದ ಮೈಸೂರು ಅರಮನೆಯ ರಾಣಿಯರ ವರ್ಣಚಿತ್ರವೊಂದು ಈ ಲಸಿಕೆಯ ಪ್ರಚಾರಕ್ಕಾಗಿಯೇ ಬಿಡಿಸಿದುದೆಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. 1975ರ ಮೇ ತಿಂಗಳಲ್ಲಿ ಭಾರತ ತನ್ನ ಕೊನೆಯ ಸಿಡುಬು ರೋಗಿಯನ್ನು ಕಂಡಿತು; 1980ರ ಮೇ ತಿಂಗಳಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ರೋಗ ಹೋಯಿತು, ಅದರ ಸುತ್ತ ಹುಟ್ಟಿದ ನಡವಳಿಕೆ ಹೋಗಲಿಲ್ಲ. ಅದು ಬೇರೊಂದು ರೋಗವಾದ ಸೀತಾಳೆ ಸಿಡುಬಿಗೆ ವರ್ಗವಾಯಿತು. ಮಗುವಿನ ಮೈಮೇಲೆ ನೀರುಗುಳ್ಳೆಗಳೆದ್ದರೆ ಇಂದಿಗೂ ಅಮ್ಮ ಬಂದಳೆಂದು ಸ್ನಾನ ನಿಲ್ಲಿಸುತ್ತಾರೆ, ವೈದ್ಯರಿಗೆ ತೋರಿಸಿದರೆ ದೇವಿ ಮುನಿಯುತ್ತಾಳೆಂದು ಅಂಜುತ್ತಾರೆ. ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆ ಕಟ್ಟುವವರೆಗೆ ಮಗುವನ್ನು ಇತರರಿಂದ ದೂರವಿಡುವುದು ಸರಿಯೇ. ಆದರೆ ಮೈಯನ್ನು ಮೃದುವಾಗಿ ತೊಳೆಯದಿದ್ದರೆ ಕೆರೆದ ಗಾಯಗಳು ಕೀವುಗಟ್ಟುತ್ತವೆ. ಗರ್ಭಿಣಿಯರಿಗೆ, ಎಳೆಗೂಸುಗಳಿಗೆ, ವಯಸ್ಕರಿಗೆ ಈ ರೋಗ ತೀವ್ರವಾಗಬಹುದಾದುದರಿಂದ ವೈದ್ಯರ ಸಲಹೆ ಅಗತ್ಯ. ಮಕ್ಕಳ ಜ್ವರಕ್ಕೆ ಮನೆಯಲ್ಲಿದ್ದ ಆಸ್ಪಿರಿನ್ ಮಾತ್ರೆಯನ್ನು ಕೊಡಲೇಬಾರದು. ದೇವಿಗೆ ಕೈಮುಗಿಯುವುದಕ್ಕೂ ವೈದ್ಯರನ್ನು ಕಾಣುವುದಕ್ಕೂ ಪರಸ್ಪರ ವಿರೋಧವಿಲ್ಲ. ಆ ವಿರೋಧವನ್ನು ಸೃಷ್ಟಿಸಿದ್ದು ಭಕ್ತಿಯಲ್ಲ, ಭಯ.

ಭಯದ ಪರಂಪರೆ ಎಷ್ಟು ಗಟ್ಟಿಯೋ ಅಷ್ಟೇ ಬೇಗ ಸಡಿಲವಾಗಲೂ ಬಲ್ಲದೆಂಬುದಕ್ಕೆ ಗ್ರಹಣಗಳೇ ನಿದರ್ಶನ. 1980ರ ಫೆಬ್ರುವರಿ 16ರ ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಅಂದು ದೇಶದ ಮಹಾನಗರಗಳ ಬೀದಿಗಳೂ ಬರಿದಾಗಿದ್ದವು. ಹದಿನೈದು ವರ್ಷಗಳ ಅನಂತರ, 1995ರ ಅಕ್ಟೋಬರ್ 24ರಂದು, ಉತ್ತರ ಭಾರತದಲ್ಲಿ ಸಾವಿರಾರು ಜನ ರಕ್ಷಣಾ ಕನ್ನಡಕಗಳೊಡನೆ ಮಕ್ಕಳನ್ನು ಕರೆದುಕೊಂಡು ಬಯಲಿಗೆ ಬಂದು ಗ್ರಹಣ ನೋಡಿದರು. ಆದರೆ 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಸಮೀಪದ ತಾಜ್‌ಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆಯಿಂದ, ಕೆಲವು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆ ತಂದೆತಾಯಿಗಳು ಕ್ರೂರಿಗಳಾಗಿರಲಿಲ್ಲ. ಮಗು ನಡೆಯಲೆಂಬ ಹಂಬಲವೇ ಅವರಿಂದ ಹಾಗೆ ಮಾಡಿಸಿತು. ಆದರೆ ಮಣ್ಣಿನೊಳಗೆ ಅತ್ತದ್ದು ಮಗು. ಹಿರಿಯರ ನಂಬಿಕೆಯ ಬೆಲೆಯನ್ನು ತೆರುವವರು ಬಹಳ ಸಲ ಆ ನಂಬಿಕೆಯನ್ನು ಆರಿಸಿಕೊಳ್ಳದವರೇ ಆಗಿರುತ್ತಾರೆ.

ಪಟ್ಟಣದ ಹೊಸ ಮೂಢತೆಗಳು

ಇವೆಲ್ಲ ಹಳ್ಳಿಯ ಕಥೆಗಳೆಂದು ಮಹಾನಗರದ ವಾಚಕರು ಸಮಾಧಾನ ಪಡಬೇಕಾಗಿಲ್ಲ. ಪಟ್ಟಣವೂ ತನ್ನದೇ ಆದ ನಂಬಿಕೆಗಳನ್ನು ಹೆತ್ತಿದೆ. ಸೂಜಿ ಚುಚ್ಚದ ವೈದ್ಯ ವೈದ್ಯನೇ ಅಲ್ಲವೆಂಬುದು ಅವುಗಳಲ್ಲೊಂದು. ನಿಶ್ಶಕ್ತಿಯೆಂದರೆ ಒಂದು ಬಾಟಲಿ ಗ್ಲೂಕೋಸ್ ಏರಿಸಬೇಕೆಂಬುದು ಇನ್ನೊಂದು. ನೆಗಡಿಗೂ ಗಂಟಲು ಕೆರೆತಕ್ಕೂ ಕಳೆದ ಸಲ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಯನ್ನು ಡಬ್ಬಿಯಿಂದ ತೆಗೆದು ನುಂಗುವುದು ಮತ್ತೊಂದು. ಸಾಮಾನ್ಯ ನೆಗಡಿಗೆ ಕಾರಣ ವೈರಸ್ಸು. ವೈರಸ್ಸಿನ ಮೇಲೆ ಆಂಟಿಬಯಾಟಿಕ್ಕಿನ ಪ್ರಭಾವವಿಲ್ಲ. ಅನಗತ್ಯವಾಗಿ ನುಂಗಿದಷ್ಟೂ ಮುಂದೆ ನಿಜವಾಗಿ ಬೇಕಾದಾಗ ಅದು ಕೈಕೊಡುವ ಸಂಭವ ಹೆಚ್ಚು. ಆ ಡಬ್ಬಿಯತ್ತ ತಾಯಿ ಕೈ ಚಾಚುವುದನ್ನು ನೋಡುತ್ತ ಬೆಳೆದ ಮಗು, ಮುಂದೆ ತನ್ನ ಮಗುವಿಗೂ ಅದೇ ಡಬ್ಬಿಯನ್ನು ತೆರೆಯುತ್ತದೆ. ಹಾಗೆಯೇ ಮೊಬೈಲ್ ಫೋನಿಗೆ ಮುಂಜಾನೆ ಬರುವ ಆರೋಗ್ಯಸಂದೇಶಗಳನ್ನು ಯಾರು ಬರೆದರು, ಏಕೆ ಬರೆದರು ಎಂದು ವಿಚಾರಿಸದೆ ಹತ್ತು ಮಂದಿಗೆ ಕಳುಹಿಸುವುದೂ ಬೆಕ್ಕನ್ನು ಬುಟ್ಟಿಯಡಿ ಮುಚ್ಚುವುದೂ ಒಂದೇ ಜಾತಿಯ ಕೆಲಸಗಳು.

ಅಷ್ಟೇ ಅಲ್ಲ. ಹಳೆಯದೆಲ್ಲವೂ ಮೌಢ್ಯವೆಂದು ಮಕ್ಕಳೆದುರಿಗೆ ಅಜ್ಜಿಯನ್ನು ಗೇಲಿಮಾಡುವ ತಂದೆಯೂ ಒಂದು ನಂಬಿಕೆಯನ್ನೇ ವಿಚಾರವಿಲ್ಲದೆ ದಾಟಿಸುತ್ತಿದ್ದಾನೆ. ಅಪ್ಪನ ಅಪ್ಪಣೆಯಿಂದ ನಂಬಿದ ಮಗುವಿಗೂ ಅಪ್ಪನ ಅಪ್ಪಣೆಯಿಂದ ನಂಬದಿರುವ ಮಗುವಿಗೂ ಹೆಚ್ಚಿನ ಅಂತರವಿಲ್ಲ. ಎರಡೂ ಕಡೆ ಮಗುವಿನ ಬುದ್ಧಿಗೆ ಕೆಲಸವೇ ಇಲ್ಲ.

ಊರು ಬಿಟ್ಟವರ ಇಕ್ಕಟ್ಟು

ನಾಡಿನಿಂದ ದೂರ ನೆಲೆಸಿದ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ತೊಡಕಿದೆ. ಊರಿನಲ್ಲಿ ಆಚಾರ ಒಂಟಿಯಾಗಿರುವುದಿಲ್ಲ. ಅದರ ಸುತ್ತ ಹೊಲ, ಕೆರೆ, ಜಾತ್ರೆ, ನೆಂಟರು, ಕಥೆ ಹೇಳುವ ಹಿರಿಯರು ಇರುತ್ತಾರೆ. ಮುಂಬಯಿಯ ಎರಡು ಕೋಣೆಯ ಮನೆಗೆ ಬರುವಾಗ ಆ ಪರಿಸರವೆಲ್ಲ ಹಿಂದೆಯೇ ಉಳಿದು, ಆಚಾರವೊಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಊರನ್ನು ಕಳೆದುಕೊಂಡ ಅಳುಕಿನಲ್ಲಿ ಅದನ್ನೇ ಊರೆಂದು ಭಾವಿಸಿ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುವುದು ಸ್ವಾಭಾವಿಕ. ಊರಿನಲ್ಲಿರುವ ತಮ್ಮ ಯಾವುದನ್ನೋ ಬಿಟ್ಟು ಮುಂದೆ ಸಾಗಿರುತ್ತಾನೆ. ಮುಂಬಯಿಯಲ್ಲಿರುವ ಅಣ್ಣ ತಾನು ಊರು ಬಿಟ್ಟ ವರ್ಷದ ಪದ್ಧತಿಯನ್ನೇ ಕಾಪಾಡುತ್ತಿರುತ್ತಾನೆ.

ವಿಚಿತ್ರವೆಂದರೆ, ಹೀಗೆ ಹಿಡಿದುಕೊಂಡವರ ಹಿರಿಯರೇ ಒಂದು ಕಾಲಕ್ಕೆ ಎಷ್ಟೋ ಕಟ್ಟಳೆಗಳನ್ನು ದಾಟಿ ಬಂದವರು. ನಲ್ಲಿಯ ನೀರು ಮಡಿಗೆ ಬಾರದೆಂದವರು ನಲ್ಲಿಯ ನೀರಿನಿಂದಲೇ ಅಡುಗೆ ಮಾಡಿದರು. ಕುಲವೃತ್ತಿಯನ್ನು ಬಿಟ್ಟು ಕಚೇರಿ, ಗಿರಣಿ, ಹೋಟೆಲುಗಳನ್ನು ಸೇರಿದರು. ಹಗಲು ಹೋಟೆಲುಗಳಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು, ನಿನ್ನ ಹಣೆಬರಹ ಇಷ್ಟೇ ಎಂಬ ನಂಬಿಕೆಯನ್ನು ತಮ್ಮ ಬದುಕಿನಿಂದಲೇ ಸುಳ್ಳುಮಾಡಿದರು. ಹೊಟ್ಟೆಪಾಡು ಕೇಳಿದಾಗ ಬದಲಾದ ಸಂಪ್ರದಾಯ, ಮಗುವಿನ ಆರೋಗ್ಯ ಕೇಳಿದಾಗ ಬದಲಾಗಬಾರದೆಂಬುದು ಯಾವ ನ್ಯಾಯ?

ಇಲ್ಲಿ ಇನ್ನೂ ಒಂದು ಅಪಾಯವಿದೆ. ಮಹಾನಗರದ ಮಗುವಿಗೆ ಕನ್ನಡ ದೊರೆಯುವುದು ಮನೆಯಲ್ಲಿ ಮಾತ್ರ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಯಾವ ಪ್ರಶ್ನೆಯನ್ನಾದರೂ ಕೇಳಬಹುದು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ "ಸುಮ್ಮನಿರು, ಹಿಂದಿನಿಂದ ನಡೆದುಬಂದದ್ದು" ಎಂಬ ಉತ್ತರ ಬರುತ್ತದೆ. ಹೀಗೆ ಹತ್ತು ವರ್ಷ ನಡೆದರೆ ಇಂಗ್ಲಿಷು ವಿಚಾರದ ಭಾಷೆ, ಕನ್ನಡ ಬಾಯಿ ಮುಚ್ಚಿಸುವ ಭಾಷೆ ಎಂಬ ತೀರ್ಮಾನಕ್ಕೆ ಮಗು ತಾನಾಗಿಯೇ ಬರುತ್ತದೆ. ಮುಂದೊಂದು ದಿನ ಅದು ಅಜ್ಜಿಯ ಭಯಗಳನ್ನು ಕೊಡವಿಕೊಳ್ಳುವಾಗ ಅಜ್ಜಿಯ ಭಾಷೆಯನ್ನೂ ಕೊಡವಿಕೊಂಡರೆ ಆಶ್ಚರ್ಯವೇನು? ಮಕ್ಕಳು ಕನ್ನಡ ಮರೆಯುತ್ತಿದ್ದಾರೆಂದು ಸಭೆಗಳಲ್ಲಿ ಮರುಗುವ ಹಿರಿಯರು ಈ ಕಾರಣವನ್ನೂ ಸ್ವಲ್ಪ ಯೋಚಿಸಬೇಕು.

ಪ್ರಶ್ನೆಯೂ ಪರಂಪರೆಯೇ

ಪ್ರಶ್ನಿಸುವುದು ಪರಕೀಯರಿಂದ ಬಂದ ಗುಣವೆಂಬುದು ಸರಿಯಲ್ಲ. ಕಠೋಪನಿಷತ್ತಿನ ನಚಿಕೇತ ಬಾಲಕ. ತಂದೆ ಯಜ್ಞದಲ್ಲಿ ಹುಲ್ಲು ಮೇಯಲಾರದ, ಹಾಲು ಬತ್ತಿದ ಮುದಿಹಸುಗಳನ್ನು ದಾನ ಮಾಡುತ್ತಿರುವುದನ್ನು ಕಂಡು ಅವನ ಮನಸ್ಸು ಕಲಕುತ್ತದೆ. ತನ್ನನ್ನು ಯಾರಿಗೆ ಕೊಡುವಿರೆಂದು ಮೂರು ಸಲ ಕೇಳುತ್ತಾನೆ. ತಂದೆ ರೇಗಿ ಯಮನಿಗೆ ಕೊಟ್ಟೆನೆನ್ನುತ್ತಾನೆ. ಮಗುವಿನ ಪ್ರಶ್ನೆಗೆ ಸಿಟ್ಟಾಗುವ ತಂದೆಯ ಚಿತ್ರ ಅಷ್ಟು ಹಳೆಯದು. ಆ ಪ್ರಶ್ನೆಯಿಂದಲೇ ಒಂದು ಮಹಾವಿದ್ಯೆ ತೆರೆದುಕೊಂಡಿತೆಂಬ ಮನ್ನಣೆಯೂ ಅಷ್ಟೇ ಹಳೆಯದು. ಕನ್ನಡದಲ್ಲಂತೂ ಹನ್ನೆರಡನೆಯ ಶತಮಾನದ ಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ, ಅಕ್ಕನಿಗಿಲ್ಲದ ಉಪನಯನ ತಮಗೇಕೆಂದು ಕೇಳಿ ಮನೆ ಬಿಟ್ಟರೆಂಬ ಪ್ರತೀತಿಯಿದೆ. ಶಿವರಾಮ ಕಾರಂತರು ಮಕ್ಕಳ ಕುತೂಹಲಕ್ಕಾಗಿಯೇ 1936ರಲ್ಲಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನು ರಚಿಸಿದರು. ಖಾದಿ ಉಟ್ಟು ಸರಳವಾಗಿ ಬದುಕಿದ ಆ ಗಾಂಧಿವಾದಿಯನ್ನು ಪರಂಪರೆಯ ವೈರಿಯೆನ್ನುವಂತಿಲ್ಲ. ಅದೇ ವರ್ಷದ 42ನೆಯ ತಿದ್ದುಪಡಿಯಿಂದ ವೈಜ್ಞಾನಿಕ ಮನೋ��ಾವ, ಮಾನವೀಯತೆ ಮತ್ತು ಜಿಜ್ಞಾಸೆಗಳನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು.

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಮನೆಯ ಪದ್ಧತಿಗಳನ್ನೆಲ್ಲ ಒಂದೇ ದಿನ ಕಿತ್ತೆಸೆಯಬೇಕಾಗಿಲ್ಲ. ಪ್ರತಿಯೊಂದನ್ನೂ ಎರಡು ಪ್ರಶ್ನೆಗಳೆದುರು ನಿಲ್ಲಿಸಿದರೆ ಸಾಕು: ಇದರಿಂದ ಯಾರ ದೇಹಕ್ಕಾದರೂ ಕೆಡುಕಾಗುತ್ತದೆಯೇ? ಇದರಿಂದ ಯಾರ ಮಾನಕ್ಕಾದರೂ ಕುಂದು ಬರುತ್ತದೆಯೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಪದ್ಧತಿ ಸುಖವಾಗಿ ಉಳಿಯಲಿ. ಯುಗಾದಿಯ ಬೇವುಬೆಲ್ಲ, ದೀಪಾವಳಿಯ ಎಣ್ಣೆಸ್ನಾನ, ಗೌರಿಯ ಬಾಗಿನ ಇವುಗಳಿಂದ ಯಾರಿಗೂ ನೋವಿಲ್ಲ, ಮನೆಗೆ ಬೆಳಕಿದೆ. ಒಂದಕ್ಕಾದರೂ ಹೌದೆಂದು ಬಂದರೆ, ಅದೆಷ್ಟೇ ಪ್ರಾಚೀನವಾಗಿದ್ದರೂ, ಎಷ್ಟೇ ಪೂಜ್ಯರಿಂದ ಬಂದಿದ್ದರೂ, ಆ ತಲೆಮಾರಿಗೇ ಕೊನೆಗೊಳ್ಳಲಿ.

ಮಗು ಏಕೆ ಎಂದು ಕೇಳಿದಾಗ ತಿಳಿದಿದ್ದರೆ ಕಾರಣ ಹೇಳಬೇಕು. ತಿಳಿಯದಿದ್ದರೆ "ಗೊತ್ತಿಲ್ಲ ಮಗು, ತಿಳಿದುಕೊಳ್ಳೋಣ" ಎನ್ನಬೇಕು. ಹೀಗೆ ಹೇಳಿದ ತಂದೆಯ ಗೌರವ ಕುಗ್ಗುವುದಿಲ್ಲ. ಕಣ್ಣು ಕೀಳುತ್ತಾನೆ ಎಂದು ದೇವರ ಹೆಸರಿನಲ್ಲಿ ಹೆದರಿಸುವುದರಿಂದ ಮಗುವಿಗೆ ಭಕ್ತಿ ಬಾರದು, ದೇವರ ಮೇಲೆ ಅಂಜಿಕೆಯಷ್ಟೇ ಬಂದೀತು. ಅಜ್ಜಿಯ ಮಾತನ್ನು ತಿದ್ದಬೇಕಾದಾಗಲೂ ಮಕ್ಕಳೆದುರಿಗೆ ಅವಳನ್ನು ಅವಮಾನಿಸಕೂಡದು. ಅಂದಿನ ತಿಳಿವಳಿಕೆಯಲ್ಲಿ ಅವಳು ಅತ್ಯುತ್ತಮವಾದುದನ್ನೇ ಕೊಟ್ಟಳು, ಇಂದಿನ ತಿಳಿವಳಿಕೆಯಲ್ಲಿ ಅತ್ಯುತ್ತಮವಾದುದನ್ನು ಕೊಡುವುದು ಇಂದಿನವರ ಕರ್ತವ್ಯ ಎಂದು ವಿವರಿಸಿದರೆ ಮಗುವಿಗೂ ಅರ್ಥವಾಗುತ್ತದೆ, ಅಜ್ಜಿಗೂ ಅರ್ಥವಾಗುತ್ತದೆ.

ಕನ್ನಡ ಸಂಘಗಳೂ ಇಲ್ಲಿ ಕೈಜೋಡಿಸಬಹುದು. ಮಕ್ಕಳಿಗೆ ಭಾಷಣಸ್ಪರ್ಧೆ, ವೇಷಸ್ಪರ್ಧೆಗಳನ್ನು ಏರ್ಪಡಿಸುವಂತೆಯೇ, ವರ್ಷಕ್ಕೊಮ್ಮೆ ಸಂಘದ ವೈದ್ಯಸದಸ್ಯರೊಬ್ಬರನ್ನು ಕೂರಿಸಿ, ಮಕ್ಕಳು ಕನ್ನಡದಲ್ಲಿ ಮನಬಂದ ಪ್ರಶ್ನೆ ಕೇಳುವ ಸಂಜೆಯೊಂದನ್ನು ಏರ್ಪಡಿಸಬಹುದು. ಕನ್ನಡದಲ್ಲಿಯೂ ಏಕೆ ಎಂದು ಕೇಳಬಹುದು, ಕನ್ನಡದಲ್ಲಿಯೂ ಅದಕ್ಕೆ ಉತ್ತರವಿದೆ ಎಂಬುದು ಮಗುವಿಗೆ ಮನವರಿಕೆಯಾದರೆ ಭಾಷೆ ತಾನಾಗಿ ಉಳಿಯುತ್ತದೆ.

ಆಲದ ಮರವನ್ನು ಕಡಿಯಬೇಕೆಂದು ಗಾದೆ ಹೇಳುವುದಿಲ್ಲ. ಅದರ ನೆರಳಿನಲ್ಲಿ ಕುಳಿತುಕೊಳ್ಳಬಹುದು, ಬಿಳಲು ಹಿಡಿದು ಮಕ್ಕಳು ಜೋಕಾಲಿಯಾಡಬಹುದು. ಒಣಗಿದ ಕೊಂಬೆ ಯಾರ ತಲೆಯ ಮೇಲೂ ಬೀಳದಂತೆ ಆಗಾಗ ಸವರುವುದು ಮಾತ್ರ ನೆಟ್ಟವನ ಮಕ್ಕಳ ಕೆಲಸ.